ಹಳೆಯ ಕಾಡತೂಸಿನೊಳಗಿನ ಮದ್ದು: ಗುರುತಿಸುವ ಬಗೆ ಮತ್ತು ಗುರುತಿನ ಮಿತಿ

ಹಳೆಯ ಮನೆಯನ್ನು ದುರಸ್ತಿ ಮಾಡಿಸುವಾಗ, ಅಟ್ಟವನ್ನು ತೆರವುಗೊಳಿಸುವಾಗ, ಹಿರಿಯರು ಕಾಲವಾದ ಮೇಲೆ ಅವರ ಪೆಟ್ಟಿಗೆಗಳನ್ನು ತೆರೆಯುವಾಗ ಹಿಂದಿನ ಕಾಲದ ಕಾಡತೂಸುಗಳು ಕೈಗೆ ಸಿಗುವುದುಂಟು. ಸೈನ್ಯದಲ್ಲಿ ಸೇವೆ ಸಲ್ಲಿಸಿ ಪುಣೆ, ಸಿಕಂದರಾಬಾದ್, ದೆಹಲಿ, ಚೆನ್ನೈ ಮುಂತಾದೆಡೆಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿಯೂ, ಕೊಡಗು ಮತ್ತು ಮಲೆನಾಡಿನ ಕಡೆ ಬೇಟೆಯ ಕೋವಿಯನ್ನು ಇಟ್ಟುಕೊಂಡಿದ್ದ ಮನೆತನಗಳಲ್ಲಿಯೂ ಇಂತಹ ವಸ್ತುಗಳು ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದಿರುತ್ತವೆ. ಕೆಲವು ಕಾಡತೂಸುಗಳ ಹಿತ್ತಾಳೆಯ ಕವಚ ಬಿರುಕುಬಿಟ್ಟು ಒಳಗಿನ ಮದ್ದು ಹೊರಚೆಲ್ಲಿರುತ್ತದೆ. ಇನ್ನು ಕೆಲವೆಡೆ ಹೆಸರಿನ ಚೀಟಿ ಕಳಚಿಹೋದ ತಗಡಿನ ಡಬ್ಬಿಯೊಂದರಲ್ಲಿ ಬಿಡಿಮದ್ದು ಕಂಡುಬರುತ್ತದೆ.

ಆಗ ಮೂರು ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಇದು ಯಾವ ಮದ್ದು? ಇಷ್ಟು ವರ್ಷಗಳ ನಂತರವೂ ಇದರಲ್ಲಿ ಶಕ್ತಿ ಉಳಿದಿದೆಯೇ? ಇದನ್ನು ಏನು ಮಾಡಬೇಕು? ಈ ಪ್ರಶ್ನೆಗಳಿಗೆ ರಸಾಯನಶಾಸ್ತ್ರ, ಇತಿಹಾಸ ಮತ್ತು ಕಾನೂನು ನೀಡುವ ಉತ್ತರಗಳನ್ನು ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ. ಮುಖ್ಯವಾದ ಮಾತೊಂದನ್ನು ಮೊದಲಿಗೇ ಹೇಳಿಬಿಡುವುದು ಒಳಿತು. ಕಣ್ಣಿಗೆ ಕಾಣುವ ಲಕ್ಷಣಗಳಿಂದ ಮದ್ದಿನ ಕುಲವನ್ನು ಬಹುಮಟ್ಟಿಗೆ ಹೇಳಬಹುದು. ಅದರ ಹೆಸರನ್ನಾಗಲಿ, ಅದರ ಈಗಿನ ಸ್ಥಿತಿಯನ್ನಾಗಲಿ ಹೇಳಲಾಗದು. ಅಪಾಯವಿರುವುದು ಈ ಅಂತರದಲ್ಲಿಯೇ.

ಕಾಡತೂಸಿನ ರಚನೆ

ತೋಟೆ ಎಂದೂ ಕರೆಯಲ್ಪಡುವ ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ: ಹೊರಗಿನ ಕವಚ, ತುದಿಯಲ್ಲಿ ಗುಂಡು, ನಡುವೆ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಸಣ್ಣ ಕೇಪು. ರೈಫಲ್ ಮತ್ತು ಪಿಸ್ತೂಲುಗಳ ಕಾಡತೂಸಿನ ಕವಚ ಸಾಮಾನ್ಯವಾಗಿ ಹಿತ್ತಾಳೆಯದು. ಬೇಟೆಯ ಕೋವಿಯ ಕಾಡತೂಸಿನಲ್ಲಿ ಬುಡ ಮಾತ್ರ ಹಿತ್ತಾಳೆಯದಾಗಿದ್ದು, ಉಳಿದ ಭಾಗ ಹಿಂದೆ ದಪ್ಪ ಕಾಗದದಿಂದಲೂ ಅನಂತರ ಪ್ಲಾಸ್ಟಿಕ್ಕಿನಿಂದಲೂ ತಯಾರಾಗುತ್ತಿತ್ತು. ಅದರಲ್ಲಿ ಒಂದೇ ಗುಂಡಿನ ಬದಲು ಸೀಸದ ಚರೆಗಳಿರುತ್ತವೆ.

ಕೋವಿಯ ಮುಳ್ಳು ಕೇಪಿಗೆ ಬಡಿದಾಗ ಅದರಲ್ಲಿರುವ ಸೂಕ್ಷ್ಮ ಸ್ಫೋಟಕ ಉರಿದು, ಆ ಜ್ವಾಲೆಯು ಮದ್ದನ್ನು ಹೊತ್ತಿಸುತ್ತದೆ. ಮದ್ದು ಕ್ಷಣಮಾತ್ರದಲ್ಲಿ ಅನಿಲವಾಗಿ ಹಿಗ್ಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಹಳೆಯ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಎಂಬ ಅತಿಸೂಕ್ಷ್ಮ ಸಂಯುಕ್ತ ಬಳಕೆಯಲ್ಲಿತ್ತು. ಮದ್ದು ಸಂಪೂರ್ಣವಾಗಿ ಕೆಟ್ಟುಹೋದಂತೆ ಕಂಡರೂ ಕೇಪು ಜೀವಂತವಾಗಿರುವ ಸಾಧ್ಯತೆ ಇದ್ದೇ ಇರುತ್ತದೆ. ಆದ್ದರಿಂದ ಖಾಲಿಯಾದಂತೆ ತೋರುವ ಕಾಡತೂಸನ್ನೂ ನಿರುಪದ್ರವಿಯೆಂದು ಭಾವಿಸಲಾಗದು.

ಮೊದಲನೆಯ ಕುಲ: ಕರಿಮದ್ದು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಲೋಕದಲ್ಲೆಲ್ಲ ಬಳಕೆಯಲ್ಲಿದ್ದುದು ಒಂದೇ ಬಗೆಯ ಮದ್ದು. ಅದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ಬಣ್ಣ ಕಪ್ಪಾದ್ದರಿಂದ ಇದಕ್ಕೆ ಕರಿಮದ್ದು ಎಂಬ ಹೆಸರು ಬಂದಿದೆ. ಭಾರತದಲ್ಲಿ ಬಂಗಾಳದ ಇಷಾಪುರದಲ್ಲಿ 1787ರಲ್ಲಿಯೇ ಈ ಮದ್ದಿನ ಕಾರ್ಖಾನೆಯನ್ನು ಸ್ಥಾಪಿಸಲಾಗಿತ್ತು. ಅದೇ ಕಾಲದಲ್ಲಿ ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳು ಕಬ್ಬಿಣದ ಕೊಳವೆಗಳಲ್ಲಿ ಕರಿಮದ್ದನ್ನು ತುಂಬಿ ರಾಕೆಟ್ಟುಗಳನ್ನು ಹಾರಿಸುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ದೊರೆತವು. ಆ ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇನ್ನೂ ಉಳಿದಿತ್ತೆಂದು ವರದಿಯಾಯಿತು.

ಕರಿಮದ್ದಿನ ಲಕ್ಷಣಗಳು ಸ್ಪಷ್ಟವಾಗಿವೆ. ಕಾಳುಗಳು ಒಂದೇ ಆಕಾರದವಲ್ಲ. ಒಡೆದ ಕಲ್ಲಿದ್ದಲಿನ ಚೂರುಗಳಂತೆ ಮೂಲೆಮೂಲೆಯಾಗಿರುತ್ತವೆ. ಮುಟ್ಟಿದ ವಸ್ತುವಿಗೆ ಮಸಿ ಹತ್ತುತ್ತದೆ. ಗಂಧಕದ ವಾಸನೆ ತಿಳಿಯಾಗಿ ಬರುವುದುಂಟು. ಉರಿದಾಗ ಇದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಅನಿಲವಾಗದೆ ಘನರೂಪದಲ್ಲಿಯೇ ಉಳಿಯುತ್ತದೆ. ಹಿಂದಿನ ಕಾಲದ ರಣರಂಗವನ್ನು ಮುಚ್ಚುತ್ತಿದ್ದ ದಟ್ಟವಾದ ಬಿಳಿ ಹೊಗೆ ಈ ಘನಕಣಗಳದ್ದೇ.

ಕರಿಮದ್ದು ಖನಿಜ, ಇದ್ದಿಲುಗಳ ಮಿಶ್ರಣವಾದ್ದರಿಂದ ಕಾಲಕ್ರಮದಲ್ಲಿ ತನ್ನಷ್ಟಕ್ಕೆ ತಾನೇ ವಿಘಟನೆಗೊಳ್ಳುವುದಿಲ್ಲ. ಒಣಗಿದ್ದರೆ ನೂರಾರು ವರ್ಷ ಅದರ ಶಕ್ತಿ ಉಳಿಯುತ್ತದೆ. ತೇವಗೊಂಡರೆ ದುರ್ಬಲವಾಗುತ್ತದೆಯಾದರೂ ಒಣಗಿದ ಮೇಲೆ ಮತ್ತೆ ಹೊತ್ತಿಕೊಳ್ಳಬಲ್ಲುದು. ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ 2008ರಲ್ಲಿ, 1861-65ರ ಅಂತರ್ಯುದ್ಧದ ಕಾಲದ ತೋಪಿನ ಗುಂಡೊಂದನ್ನು ಸ್ವಚ್ಛಗೊಳಿಸುತ್ತಿದ್ದ ಅನುಭವಿ ಸಂಗ್ರಾಹಕರೊಬ್ಬರು ಅದು ಸಿಡಿದು ಮೃತಪಟ್ಟರು. ಯುದ್ಧ ಮುಗಿದು ಆಗ 140 ವರ್ಷಗಳು ಕಳೆದಿದ್ದವು. ಹಳೆಯದೆಂದ ಮಾತ್ರಕ್ಕೆ ಸತ್ತದ್ದಲ್ಲ. ಬೂದಿ ಮುಚ್ಚಿದ ಕೆಂಡ ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಎರಡನೆಯ ಕುಲ: ಹೊಗೆರಹಿತ ಮದ್ದು

ಜರ್ಮನ್ ಮೂಲದ ರಸಾಯನಜ್ಞ ಷೋನ್‌ಬೈನ್ 1846ರಲ್ಲಿ ಹತ್ತಿಯನ್ನು ಆಮ್ಲಗಳಿಂದ ಸಂಸ್ಕರಿಸಿ ಸ್ಫೋಟಕವನ್ನಾಗಿ ಮಾರ್ಪಡಿಸಬಹುದೆಂದು ಲೋಕಕ್ಕೆ ತಿಳಿಸಿದನು. ನೈಟ್ರೋಸೆಲ್ಯುಲೋಸ್ ಎಂದು ಕರೆಯಲ್ಪಡುವ ಈ ವಸ್ತು ಉರಿದಾಗ ಬಹುತೇಕ ಪೂರ್ತಿಯಾಗಿ ಅನಿಲವಾಗುತ್ತದೆ. ಬೂದಿಯಾಗಲಿ, ದಟ್ಟ ಹೊಗೆಯಾಗಲಿ ಉಳಿಯದು. ಆದರೆ ಅದರ ಉರಿಯುವ ವೇಗವನ್ನು ಹತೋಟಿಗೆ ತರಲು ಸುಮಾರು ನಾಲ್ಕು ದಶಕಗಳೇ ಬೇಕಾದವು. ಫ್ರಾನ್ಸಿನ ಪಾಲ್ ವಿಯೇಯಿ 1884ರಲ್ಲಿ ಅದನ್ನು ದ್ರಾವಕಗಳಿಂದ ಕಣಕದಂತೆ ನಾದಿ, ತೆಳುವಾದ ಹಾಳೆಗಳನ್ನಾಗಿ ಮಾಡಿ, ಸಣ್ಣ ಚೌಕಗಳಾಗಿ ಕತ್ತರಿಸಿ ಮೊದಲ ಯಶಸ್ವೀ ಹೊಗೆರಹಿತ ರೈಫಲ್ ಮದ್ದನ್ನು ತಯಾರಿಸಿದನು. ಆಲ್ಫ್ರೆಡ್ ನೊಬೆಲ್ 1887ರಲ್ಲಿ ನೈಟ್ರೋಸೆಲ್ಯುಲೋಸಿಗೆ ನೈಟ್ರೋಗ್ಲಿಸರಿನ್ ಬೆರೆಸಿ ಬ್ಯಾಲಿಸ್ಟೈಟ್ ಎಂಬ ಮದ್ದನ್ನು ರೂಪಿಸಿದನು.

ಇವುಗಳಿಂದ ಎರಡು ಶಾಖೆಗಳು ಹುಟ್ಟಿದವು. ನೈಟ್ರೋಸೆಲ್ಯುಲೋಸನ್ನು ಮಾತ್ರ ಆಧಾರವಾಗಿ ಹೊಂದಿರುವುದನ್ನು ಏಕಮೂಲ ಮದ್ದೆಂದೂ, ನೈಟ್ರೋಗ್ಲಿಸರಿನ್ ಸಹ ಇರುವುದನ್ನು ದ್ವಿಮೂಲ ಮದ್ದೆಂದೂ ಕರೆಯಬಹುದು. ಎರಡೂ ಕರಿಮದ್ದಿಗಿಂತ ಬಹಳ ಪ್ರಬಲವಾದವು. ಕರಿಮದ್ದಿಗಾಗಿ ತಯಾರಾದ ಹಳೆಯ ಕೋವಿಯಲ್ಲಿ ಅಷ್ಟೇ ಅಳತೆಯ ಹೊಗೆರಹಿತ ಮದ್ದನ್ನು ತುಂಬಿದರೆ ನಳಿಗೆಯೇ ಸೀಳಿಹೋಗುತ್ತದೆ. ಬೆರಳುಗಳನ್ನೂ ಕಣ್ಣನ್ನೂ ಕಳೆದುಕೊಳ್ಳುವಂತಹ ಅಪಘಾತಗಳಿಗೆ ಈ ತಪ್ಪು ಗುರುತೇ ದಾರಿಯಾಗುತ್ತದೆ.

ಹಳೆಯ ಬೇಟೆ ಕಾಡತೂಸುಗಳ ಪೆಟ್ಟಿಗೆಯ ಮೇಲೆ ‘3 ಡ್ರಾಮ್’ ಎಂಬಂತಹ ಬರಹವಿರುವುದುಂಟು. ಒಳಗೆ ಹೊಗೆರಹಿತ ಮದ್ದಿರುವಾಗ ಇದು ಅದರ ತೂಕವಲ್ಲ. ಅಷ್ಟು ತೂಕದ ಕರಿಮದ್ದಿಗೆ ಸಮನಾದ ಬಲವೆಂಬ ಸೂಚನೆ ಮಾತ್ರ. ಇದನ್ನು ತೂಕವೆಂದೇ ತಿಳಿದು ಮದ್ದನ್ನು ಅಳೆದವನು ತನ್ನ ಕೈಯಲ್ಲಿರುವುದು ಕೋವಿಯಲ್ಲ, ಬಾಂಬು ಎಂಬುದನ್ನು ಅರಿಯನು.

ಶ್ಯಾವಿಗೆಯಂತಹ ಮದ್ದು: ಕಾರ್ಡೈಟ್

ನಮ್ಮ ದೇಶದಲ್ಲಿ ಹಳೆಯ ಕಾಡತೂಸುಗಳನ್ನು ಕಂಡವರು ಹೆಚ್ಚಾಗಿ ಪ್ರಶ್ನಿಸುವುದು ಕಾರ್ಡೈಟನ್ನು ಕುರಿತು. ಕವಚ ಬಿರುಕುಬಿಟ್ಟಾಗ ಒಳಗಿನಿಂದ ಕಾಳುಗಳ ಬದಲು ಕಂದು ಇಲ್ಲವೆ ಜೇನು ಬಣ್ಣದ, ಶ್ಯಾವಿಗೆಯ ಎಳೆಗಳಂತಹ ಕಡ್ಡಿಗಳ ಕಟ್ಟು ಹೊರಬಂದರೆ ಅದು ಮದ್ದೇ ಅಲ್ಲವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ದ್ವಿಮೂಲದ ಪ್ರಬಲ ಮದ್ದು. ಬ್ರಿಟನ್ನಿನ ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ಡ್ಯೂಅರ್ ಇದನ್ನು 1889ರಲ್ಲಿ ರೂಪಿಸಿದರು. ಕಣಕವನ್ನು ಒರಳಿನಲ್ಲಿ ಒತ್ತಿ ಶ್ಯಾವಿಗೆ ತೆಗೆಯುವಂತೆಯೇ ಮದ್ದಿನ ಮುದ್ದೆಯನ್ನು ರಂಧ್ರಗಳ ಮೂಲಕ ಒತ್ತಿ ದಾರದಂತೆ ಎಳೆಯುತ್ತಿದ್ದುದರಿಂದ, ದಾರ ಎಂಬರ್ಥದ ಇಂಗ್ಲಿಷ್ ಪದದಿಂದ ಕಾರ್ಡೈಟ್ ಎಂಬ ಹೆಸರು ಬಂದಿತು.

ಮೊದಲ ಮಾದರಿಯ ಕಾರ್ಡೈಟಿನಲ್ಲಿ ನೈಟ್ರೋಗ್ಲಿಸರಿನ್ ಶೇಕಡ 58ರಷ್ಟಿತ್ತು. ಅದರ ತೀವ್ರ ಶಾಖದಿಂದ ನಳಿಗೆಗಳು ಬೇಗನೆ ಸವೆಯುತ್ತಿದ್ದುದರಿಂದ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಸುಧಾರಿತ ಮಾದರಿಯಲ್ಲಿ ಅದನ್ನು ಶೇಕಡ 30ಕ್ಕೆ ಇಳಿಸಲಾಯಿತು. ಭಾರತದಲ್ಲಿ ಇದರ ತಯಾರಿಕೆಗಾಗಿ ನೀಲಗಿರಿಯ ಕೂನೂರಿನ ಸಮೀಪದ ಅರುವಂಕಾಡಿನಲ್ಲಿ 1904ರಲ್ಲಿ ಕಾರ್ಖಾನೆ ಆರಂಭವಾಯಿತು. ಉದಕಮಂಡಲಕ್ಕೆ ಹೋಗುವ ಪರ್ವತ ರೈಲಿನ ಪ್ರಯಾಣಿಕರು ಇಂದಿಗೂ ಆ ಊರಿನ ನಿಲ್ದಾಣವನ್ನು ಹಾದುಹೋಗುತ್ತಾರೆ. ಪುಣೆಯ ಖಡಕಿಯಲ್ಲಿ 1869ರಲ್ಲಿ ಸ್ಥಾಪಿತವಾದ ಮದ್ದುಗುಂಡು ಕಾರ್ಖಾನೆಯಲ್ಲಿ ಕಾಡತೂಸುಗಳು ಸಿದ್ಧವಾಗುತ್ತಿದ್ದವು. ಇವೆರಡೂ ಕಾರ್ಖಾನೆಗಳು 2021ರ ಅಕ್ಟೋಬರ್‌ನಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಅಂಗಗಳಾಗಿವೆ.

ಈ ಮದ್ದನ್ನು ಹೊತ್ತ ಪ್ರಮುಖ ಕಾಡತೂಸು 0.303 ಅಂಗುಲದ ರೈಫಲಿನದು. ಜನರ ಮಾತಿನಲ್ಲಿ ‘ತ್ರೀ ನಾಟ್ ತ್ರೀ’. ಬ್ರಿಟಿಷ್ ಸೈನ್ಯಕ್ಕೆ 1888ರಲ್ಲಿ ಬಂದ ಈ ರೈಫಲಿನ ಕಾಡತೂಸಿನಲ್ಲಿ ಮೊದಲಿಗೆ ಇದ್ದುದು ನಡುವೆ ರಂಧ್ರವುಳ್ಳ, ಒತ್ತಿ ಗಟ್ಟಿ ಮಾಡಿದ ಕರಿಮದ್ದಿನ ಗುಳಿಗೆ. 1891ರಲ್ಲಿ ಕಾರ್ಡೈಟ್ ತುಂಬಿದ ಮಾದರಿ ಬಂದಿತು. 1910ರ ಏಳನೆಯ ಮಾದರಿ ಎರಡು ಮಹಾಯುದ್ಧಗಳಲ್ಲಿಯೂ ಬಳಕೆಯಾಯಿತು; ಇದೇ ಮಾದರಿಯ ಕೆಲವು ತಯಾರಿಕೆಗಳಲ್ಲಿ ಕಾರ್ಡೈಟಿನ ಬದಲು ನೈಟ್ರೋಸೆಲ್ಯುಲೋಸ್ ಕಾಳುಗಳಿದ್ದವು. ಈ ರೈಫಲುಗಳು ಇಪ್ಪತ್ತೊಂದನೆಯ ಶತಮಾನದ ಆರಂಭದವರೆಗೂ ನಮ್ಮ ಅನೇಕ ರಾಜ್ಯಗಳ ಪೊಲೀಸರ ಕೈಯಲ್ಲಿದ್ದವು. ಹೀಗೆ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಕಾಡತೂಸಿನೊಳಗೆ ಮೂರು ಬೇರೆ ಬೇರೆ ಮದ್ದುಗಳು ಇರಲು ಸಾಧ್ಯ.

ಆಕಾರ ಮತ್ತು ಬಣ್ಣಗಳು ಏನನ್ನು ಹೇಳುತ್ತವೆ?

ಹೊಗೆರಹಿತ ಮದ್ದಿನ ಕಾಳುಗಳು ಯಂತ್ರದಲ್ಲಿ ತಯಾರಾದವುಗಳಾದ್ದರಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಕರಿಮದ್ದಿನ ಒರಟು ಚೂರುಗಳಿಂದ ಅವುಗಳನ್ನು ಬೇರ್ಪಡಿಸಲು ಈ ಲಕ್ಷಣವೇ ಮುಖ್ಯ ಆಧಾರ. ಕೆಲವು ಚೌಕನೆಯ ಇಲ್ಲವೆ ಗುಂಡಗಿನ ತೆಳುಬಿಲ್ಲೆಗಳು. ಕೆಲವು ಪೆನ್ಸಿಲಿನ ಕಡ್ಡಿಯನ್ನು ತುಂಡರಿಸಿದಂತಹ ಸಣ್ಣ ಕೊಳವೆಗಳು. ಕೆಲವು ಸಾಸಿವೆ, ರಾಗಿಯಂತಹ ಗೋಲಗಳು. ಅಮೆರಿಕದಲ್ಲಿ 1933ರಲ್ಲಿ ಗೋಲಮದ್ದು ಬಳಕೆಗೆ ಬಂದಿತಾದ್ದರಿಂದ, ಗೋಲಾಕಾರದ ಕಾಳುಗಳಿದ್ದರೆ ಆ ಕಾಡತೂಸು ಅದಕ್ಕಿಂತ ಹಿಂದಿನದಲ್ಲವೆಂದು ಊಹಿಸಬಹುದು. ಹಳೆಯ ಬೇಟೆ ಕಾಡತೂಸುಗಳಲ್ಲಿ ಮರದ ನಾರಿನಿಂದಲೋ ಹತ್ತಿಯಿಂದಲೋ ತಯಾರಿಸಿದ ಮಾಸಲು ಬಿಳಿ, ಹಳದಿ ಅಥವಾ ಕಿತ್ತಳೆ ಬಣ್ಣದ ಹಗುರ ಕಾಳುಗಳೂ ಕಂಡುಬರುತ್ತವೆ.

ಇಷ್ಟು ವಿವರಗಳಿರುವಾಗ ಮದ್ದಿನ ಹೆಸರನ್ನೇ ಹೇಳಬಹುದಲ್ಲವೇ ಎಂದು ಓದುಗರು ಕೇಳಬಹುದು. ಉತ್ತರ, ಇಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದಾಗಿ, ಒಂದೇ ಆಕಾರ, ಒಂದೇ ಬಣ್ಣದ ಹತ್ತಾರು ಮದ್ದುಗಳಿದ್ದು, ಅವುಗಳ ಉರಿಯುವ ವೇಗ ಬೇರೆ ಬೇರೆಯಾಗಿರುತ್ತದೆ. ಪಿಸ್ತೂಲಿನ ಶೀಘ್ರದಹನದ ಮದ್ದಿಗೂ ದೊಡ್ಡ ರೈಫಲಿನ ಮಂದದಹನದ ಮದ್ದಿಗೂ ಬರಿಗಣ್ಣಿಗೆ ವ್ಯತ್ಯಾಸ ತೋರದಿರಬಹುದು.

ಎರಡನೆಯದಾಗಿ, ಉರಿಯುವ ವೇಗವನ್ನು ತಗ್ಗಿಸಲು ಕಾಳುಗಳ ಮೇಲೆ ರಾಸಾಯನಿಕ ಲೇಪನವನ್ನೂ, ಹರಿಯುವಿಕೆ ಸುಗಮವಾಗಲೆಂದು ಗ್ರಾಫೈಟನ್ನೂ ಬಳಿದಿರುತ್ತಾರೆ. ಗ್ರಾಫೈಟ್ ಲೇಪನದಿಂದ ಹೊಗೆರಹಿತ ಮದ್ದು ಸಹ ಕಪ್ಪಾಗಿ ಹೊಳೆಯುತ್ತದೆ. ಕಪ್ಪು ಬಣ್ಣವೊಂದನ್ನೇ ಕಂಡು ಕರಿಮದ್ದೆಂದು ನಿರ್ಧರಿಸುವುದು ಅತ್ಯಂತ ಅಪಾಯಕರವಾದ ತಪ್ಪು.

ಮೂರನೆಯದಾಗಿ, ಕಾಡತೂಸು ಕಾರ್ಖಾನೆಗಳಿಗೆ ಬರುವ ಮದ್ದು ಪ್ರತಿಯೊಂದು ತಯಾರಿಕೆಯಲ್ಲಿಯೂ ಸ್ವಲ್ಪ ಬದಲಾಗುತ್ತದೆ. ಕಾರ್ಖಾನೆಯವರು ಅದನ್ನು ಪರೀಕ್ಷಿಸಿ ಅಳತೆಯನ್ನು ಹೊಂದಿಸಿಕೊಳ್ಳುತ್ತಾರೆ. ಅಂಗಡಿಯ ಡಬ್ಬಿಯಲ್ಲಿ ಅದೇ ಹೆಸರಿನ ಮದ್ದು ಎಂದೂ ಮಾರಾಟವಾಗಿರದೆ ಇರಬಹುದು. ಕೆಲವು ಮದ್ದುಗಳಲ್ಲಿ ಗುರುತಿಗಾಗಿ ಬಣ್ಣದ ಬಿಲ್ಲೆಗಳನ್ನು ಬೆರೆಸುವ ಪದ್ಧತಿ ಇದೆಯಾದರೂ, ಮೂಲ ಡಬ್ಬಿಯಿಂದ ಹೊರಬಂದ ಮೇಲೆ ಅದಕ್ಕೆ ಬೇರೆ ಮದ್ದು ಬೆರೆತಿಲ್ಲವೆಂದು ಯಾರೂ ಪ್ರಮಾಣೀಕರಿಸಲಾರರು.

ಬುಡದ ಮುದ್ರೆ

ಕಾಡತೂಸಿನ ಬುಡದಲ್ಲಿ ಒತ್ತಿರುವ ಅಕ್ಷರ, ಅಂಕಿಗಳು ಮದ್ದಿಗಿಂತ ಹೆಚ್ಚಿನ ಮಾಹಿತಿಯನ್ನು ನೀಡುತ್ತವೆ. ‘ಕೆ.ಎಫ್.’ ಎಂದಿದ್ದರೆ ಖಡಕಿ ಕಾರ್ಖಾನೆ, ‘ಓ.ಎಫ್.ವಿ.’ ಎಂದಿದ್ದರೆ ಮಹಾರಾಷ್ಟ್ರದ ವರಣಗಾಂವ್ ಕಾರ್ಖಾನೆ, ‘ಆರ್.ಜಿ.’ ಎಂದಿದ್ದರೆ ಬ್ರಿಟನ್ನಿನ ರ‍್ಯಾಡ್‌ವೇ ಗ್ರೀನ್ ಕಾರ್ಖಾನೆ ಎಂದು ತಿಳಿಯಬಹುದು. ಎರಡು ಅಥವಾ ನಾಲ್ಕು ಅಂಕಿಗಳು ತಯಾರಿಕೆಯ ವರ್ಷವನ್ನು ಸೂಚಿಸುತ್ತವೆ. 0.303ರ ಏಳನೆಯ ಮಾದರಿಯ ಸಂಖ್ಯೆಯ ಪಕ್ಕದಲ್ಲಿ ‘ಜೆಡ್’ ಅಕ್ಷರವಿದ್ದರೆ ಒಳಗಿರುವುದು ಕಾರ್ಡೈಟ್ ಅಲ್ಲ, ನೈಟ್ರೋಸೆಲ್ಯುಲೋಸ್ ಮದ್ದು ಎಂದರ್ಥ.

ಆದರೆ ಈ ಮುದ್ರೆ ಹೇಳುವುದು ಕವಚದ ಜನ್ಮವನ್ನು ಮಾತ್ರ. ಒಮ್ಮೆ ಹಾರಿಸಿದ ಕವಚಕ್ಕೆ ಯಾರೋ ಮತ್ತೆ ಮದ್ದು ತುಂಬಿರಬಹುದು. ಬೇಟೆಯ ಕಾಡತೂಸುಗಳ ವಿಷಯದಲ್ಲಂತೂ ಮನೆಯಲ್ಲೇ ಮರಳಿ ತುಂಬುವ ವಾಡಿಕೆ ಹಿಂದೆ ವ್ಯಾಪಕವಾಗಿತ್ತು. ಆದಕಾರಣ ಮುದ್ರೆಯನ್ನು ಓದಿ ಪೊಲೀಸರಿಗೆ ತಿಳಿಸುವುದು ಉಪಯುಕ್ತವೇ ಹೊರತು, ಅದನ್ನು ನಂಬಿ ಕಾಡತೂಸನ್ನು ಬಳಸುವುದು ಸಲ್ಲದು.

ಮದ್ದು ಕೆಡುವುದೆಂದರೇನು?

ಆಹಾರ ಕೆಟ್ಟರೆ ಅದರ ಗುಣ ಹೋಗುತ್ತದೆ. ಹೊಗೆರಹಿತ ಮದ್ದು ಕೆಟ್ಟರೆ ಅಪಾಯ ಹೆಚ್ಚುತ್ತದೆ. ನೈಟ್ರೋಸೆಲ್ಯುಲೋಸ್ ಸಾಮಾನ್ಯ ಉಷ್ಣತೆಯಲ್ಲಿಯೂ ಬಹಳ ನಿಧಾನವಾಗಿ ವಿಘಟನೆಗೊಂಡು ಸಾರಜನಕದ ಆಕ್ಸೈಡುಗಳನ್ನು ಹೊರಬಿಡುತ್ತದೆ. ಈ ಅನಿಲಗಳು ತೇವದೊಡನೆ ಸೇರಿ ಆಮ್ಲಗಳಾಗುತ್ತವೆ. ಆಮ್ಲಗಳು ವಿಘಟನೆಯನ್ನು ಮತ್ತಷ್ಟು ತ್ವರಿತಗೊಳಿಸುತ್ತವೆ. ಈ ಸರಪಳಿಯನ್ನು ತಡೆಯಲೆಂದೇ ತಯಾರಿಕೆಯ ಸಮಯದಲ್ಲಿ ಡೈಫಿನೈಲಮೀನ್‌ನಂತಹ ಸ್ಥಿರಕಾರಿಗಳನ್ನು ಬೆರೆಸಲಾಗುತ್ತದೆ. ಅವು ಆ ಅನಿಲಗಳನ್ನು ಹೀರಿಕೊಳ್ಳುತ್ತ ತಾವೇ ಕ್ಷಯಿಸುತ್ತವೆ. ಸ್ಥಿರಕಾರಿ ಮುಗಿದ ದಿನದಿಂದ ಮದ್ದಿಗೆ ಕಾವಲಿಲ್ಲದಂತಾಗುತ್ತದೆ.

ದೊಡ್ಡ ಪ್ರಮಾಣದಲ್ಲಿ ಶೇಖರಿಸಿದ ಮದ್ದಿನಲ್ಲಿ ವಿಘಟನೆಯ ಶಾಖ ಹೊರಹೋಗಲು ದಾರಿಯಿಲ್ಲದೆ, ಕೊನೆಗೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಫ್ರಾನ್ಸಿನ ತುಲೋನ್ ಬಂದರಿನಲ್ಲಿ 1907ರಲ್ಲಿ ಇಯೆನಾ ಎಂಬ ಯುದ್ಧನೌಕೆಯೂ 1911ರಲ್ಲಿ ಲಿಬರ್ತೆ ಎಂಬ ಯುದ್ಧನೌಕೆಯೂ ಸ್ಫೋಟಗೊಂಡವು. ಮೊದಲನೆಯದರಲ್ಲಿ ನೂರಕ್ಕೂ ಹೆಚ್ಚು, ಎರಡನೆಯದರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಎರಡಕ್ಕೂ ಹಳತಾಗಿ ಕೆಟ್ಟಿದ್ದ ಹೊಗೆರಹಿತ ಮದ್ದೇ ಕಾರಣವೆಂದು ಪರಿಗಣಿಸಲಾಗಿದೆ.

ಇದೇ ರಾಸಾಯನಿಕ ವಸ್ತುವಿನ ಇನ್ನೊಂದು ರೂಪವನ್ನು ಚಲನಚಿತ್ರಪ್ರಿಯರು ಬಲ್ಲರು. 1950ರ ದಶಕದ ಆರಂಭದವರೆಗೆ ಚಿತ್ರಗಳ ಸುರುಳಿಗಳು ನೈಟ್ರೋಸೆಲ್ಯುಲೋಸಿನಿಂದಲೇ ತಯಾರಾಗುತ್ತಿದ್ದವು. ಪುಣೆಯಲ್ಲಿ 2003ರ ಜನವರಿಯಲ್ಲಿ ಸಂಭವಿಸಿದ ಬೆಂಕಿಯಲ್ಲಿ ನಮ್ಮ ಚಿತ್ರರಂಗದ ಬಾಲ್ಯಕಾಲದ ಎಷ್ಟೋ ಅಮೂಲ್ಯ ಸುರುಳಿಗಳು ಭಸ್ಮವಾದವು.

ಕೆಟ್ಟ ಮದ್ದಿನ ಲಕ್ಷಣಗಳು ಹೀಗಿವೆ: ಮೂಗಿಗೆ ಕಟುವಾಗಿ ತಟ್ಟುವ ಆಮ್ಲದ ವಾಸನೆ, ಇಟ್ಟಿಗೆಯ ಪುಡಿಯಂತಹ ಕೆಂಗಂದು ಧೂಳು, ಡಬ್ಬಿಯೊಳಗೆ ಕೆಂಪು ಛಾಯೆಯ ಆವಿ ಅಥವಾ ತುಕ್ಕು, ಕಾಳುಗಳು ಅಂಟಿಕೊಂಡು ಗಡ್ಡೆಯಾಗುವುದು, ಎಣ್ಣೆಯಂತಹ ಬೆವರು, ಹಿತ್ತಾಳೆಯ ಕವಚದ ಮೇಲೆ ಹಸಿರು ಕಿಲುಬು ಹಾಗೂ ಬಿರುಕು. ಇವುಗಳಲ್ಲಿ ಒಂದು ಕಂಡರೂ ಮದ್ದು ಕೆಡುತ್ತಿದೆಯೆಂದು ಭಾವಿಸಬೇಕು. ಆದರೆ ಇವು ಕಾಣದಿದ್ದರೆ ಮದ್ದು ಸುರಕ್ಷಿತವೆಂದು ತಿಳಿಯುವಂತಿಲ್ಲ. ಸ್ಥಿರಕಾರಿ ಕ್ಷಯಿಸುತ್ತಿರುವುದು ಹೊರಗೆ ತೋರುವುದಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ ಅಥವಾ ಅದಕ್ಕೂ ಮೀರುತ್ತದೆ. ಚೆನ್ನೈ, ಹೈದರಾಬಾದು, ದೆಹಲಿಗಳ ಬೇಸಗೆಯಲ್ಲಿ ಬಿಸಿಲು ಬೀಳುವ ಮಾಡಿನ ಕೆಳಗಿನ ಅಟ್ಟ ಇದಕ್ಕೆ ಎಷ್ಟು ಅನನುಕೂಲವಾದ ಸ್ಥಳವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಪ್ರಯೋಗಾಲಯದಲ್ಲಿ ನಡೆಯುವ ಪರೀಕ್ಷೆ

ಖಚಿತವಾದ ಗುರುತು ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ. ಅಲ್ಲಿ ಕಾಳುಗಳ ಆಕಾರ, ಅಳತೆಗಳನ್ನು ಸೂಕ್ಷ್ಮದರ್ಶಕದಿಂದ ಅಳೆಯುತ್ತಾರೆ. ಕರಿಮದ್ದಿನ ಪೆಟ್ಲುಪ್ಪು ನೀರಿನಲ್ಲಿ ಕರಗಿ ಇದ್ದಿಲು, ಗಂಧಕಗಳು ಉಳಿಯುತ್ತವೆ. ನೈಟ್ರೋಸೆಲ್ಯುಲೋಸ್ ನೀರಿನಲ್ಲಿ ಕರಗದೆ ಅಸಿಟೋನಿನಂತಹ ದ್ರಾವಕಗಳಲ್ಲಿ ಕರಗುತ್ತದೆ. ಅನಂತರ ವರ್ಣಲೇಖನ, ರೋಹಿತ ವಿಶ್ಲೇಷಣೆಗಳಿಂದ ನೈಟ್ರೋಗ್ಲಿಸರಿನ್ ಇದೆಯೇ, ಲೇಪನ ಯಾವುದು, ಸ್ಥಿರಕಾರಿ ಎಷ್ಟು ಉಳಿದಿದೆ ಎಂಬುದನ್ನು ಕಂಡುಹಿಡಿಯುತ್ತಾರೆ. ಕಾರ್ಡೈಟನ್ನು ರೂಪಿಸಿದ ಏಬಲ್ ಅವರ ಹೆಸರಿನ ಉಷ್ಣಪರೀಕ್ಷೆಯೊಂದು ಪ್ರಸಿದ್ಧವಾಗಿದೆ. ಅದರಲ್ಲಿ ಮದ್ದಿನ ಮಾದರಿಯನ್ನು ಹದವಾಗಿ ಕಾಯಿಸಿ, ಮೇಲೆ ತೂಗುಹಾಕಿದ ರಾಸಾಯನಿಕ ಕಾಗದ ಬಣ್ಣ ಬದಲಿಸಲು ಎಷ್ಟು ಸಮಯ ಹಿಡಿಯುತ್ತದೆಂದು ಗಮನಿಸುತ್ತಾರೆ. ಸಮಯ ಕಡಿಮೆಯಾದಷ್ಟೂ ಮದ್ದು ಅಸ್ಥಿರ.

ದೇಶದ ಕೇಂದ್ರ ಮತ್ತು ರಾಜ್ಯಗಳ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಸ್ಫೋಟಕಗಳ ವಿಶ್ಲೇಷಣೆ ನಡೆಯುತ್ತದೆ. ಈ ಕೆಲಸವನ್ನು ಮನೆಯಲ್ಲಿ ಅನುಕರಿಸಲು ಹೊರಡುವುದು ಅವಿವೇಕ. ಚಿಟಿಕೆಯಷ್ಟು ಮದ್ದನ್ನು ಉರಿಸಿ ನೋಡುವ ಹಳೆಯ ರೂಢಿ ಮದ್ದಿನ ಹೆಸರನ್ನೂ ಹೇಳದು, ಸ್ಥಿತಿಯನ್ನೂ ಹೇಳದು.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಅಧಿನಿಯಮದಂತೆ ಕಾಡತೂಸುಗಳನ್ನು ಹೊಂದಲು ಪರವಾನಗಿ ಅಗತ್ಯ. ಬಿಡಿಮದ್ದು 1884ರ ಸ್ಫೋಟಕಗಳ ಅಧಿನಿಯಮ ಮತ್ತು 2008ರ ಸ್ಫೋಟಕ ನಿಯಮಗಳ ವ್ಯಾಪ್ತಿಗೂ ಬರುತ್ತದೆ. ತಂದೆಯ ಅಥವಾ ಅಜ್ಜನ ಪರವಾನಗಿ ಅವರೊಂದಿಗೇ ಮುಗಿಯುತ್ತದೆ. ಆಸ್ತಿಯಂತೆ ವಾರಸುದಾರರಿಗೆ ತಾನಾಗಿ ದಕ್ಕುವುದಿಲ್ಲ. ಯಾವುದೇ ಕಾರಣದಿಂದ ಕಾಡತೂಸುಗಳನ್ನು ಹೊಂದಿರುವುದು ಕಾನೂನುಬದ್ಧವಲ್ಲದಂತಾದಾಗ, ಅವುಗಳನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣಾಧಿಕಾರಿಗೆ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಗೆ ಒಪ್ಪಿಸಬೇಕೆಂದು ಅಧಿನಿಯಮದ 21ನೆಯ ಪ್ರಕರಣ ತಿಳಿಸುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಷರತ್ತುಬದ್ಧ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಈ ವಿನಾಯಿತಿ ಕಾನೂನಿನದು, ರಸಾಯನಶಾಸ್ತ್ರದ್ದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ಪಕ್ಕದ ಹಳೆಯ ಕಾಡತೂಸು ಸಹ ಕೆಡದೆ ಇರದು.

ನಾಗರಿಕರು ಅನುಸರಿಸಬೇಕಾದ ಕ್ರಮಗಳು

1. ಕಾಡತೂಸು ಅಥವಾ ಮದ್ದು ಕಂಡೊಡನೆ ಅದನ್ನು ಇದ್ದಲ್ಲಿಯೇ ಬಿಡಬೇಕು. ಮಕ್ಕಳನ್ನು ದೂರ ಕಳುಹಿಸಿ, ಒಲೆ, ಬೀಡಿ, ಅಗರಬತ್ತಿ, ವಿದ್ಯುತ್ ಕಿಡಿಗಳು ಹತ್ತಿರವಿಲ್ಲದಂತೆ ನೋಡಿಕೊಳ್ಳಬೇಕು.

2. ಸಮೀಪದ ಪೊಲೀಸ್ ಠಾಣೆಗೆ ಅಥವಾ 112ಕ್ಕೆ ದೂರವಾಣಿ ಮಾಡಿ, ಎಲ್ಲಿ, ಎಷ್ಟು, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿಸಬೇಕು. ಅಗತ್ಯವಿದ್ದಲ್ಲಿ ಪೊಲೀಸರು ಸ್ಫೋಟಕ ನಿಷ್ಕ್ರಿಯ ದಳವನ್ನು ಕರೆಸುತ್ತಾರೆ. ಮುಟ್ಟದೆಯೇ ದೂರದಿಂದ ಒಂದು ಛಾಯಾಚಿತ್ರ ತೆಗೆಯಲು ಸಾಧ್ಯವಾದರೆ ಅದು ನೆರವಾಗುತ್ತದೆ.

3. ಗುಂಡನ್ನು ಕಿತ್ತು ಮದ್ದನ್ನು ಹೊರತೆಗೆಯಲು, ಕಿಲುಬನ್ನು ಉಜ್ಜಲು, ಕೇಪನ್ನು ಮೀಟಲು ಪ್ರಯತ್ನಿಸಬಾರದು.

4. ಕಾಡತೂಸನ್ನು ಬೆಂಕಿಗೆ, ಕಸದ ತೊಟ್ಟಿಗೆ, ಬಾವಿಗೆ, ಹೊಳೆಗೆ ಎಸೆಯಬಾರದು. ಬೆಂಕಿಗೆ ಬಿದ್ದ ಕಾಡತೂಸಿನ ಕವಚ ಸೀಳಿ ಲೋಹದ ಚೂರುಗಳು ಸುತ್ತ ಸಿಡಿಯುತ್ತವೆ. ಕಸಕ್ಕೆ ಹಾಕಿದ್ದು ಗುಜರಿಯವರ ಸುತ್ತಿಗೆಯ ಕೆಳಗೆ ಬರುತ್ತದೆ.

5. ಕಾರ್ಡೈಟ್ ಮುಂತಾದ ದ್ವಿಮೂಲ ಮದ್ದುಗಳನ್ನು ಬರಿಗೈಯಿಂದ ಮುಟ್ಟಬಾರದು. ಅವುಗಳಲ್ಲಿನ ನೈಟ್ರೋಗ್ಲಿಸರಿನ್ ಚರ್ಮದ ಮೂಲಕ ರಕ್ತಕ್ಕೆ ಸೇರಿ ತೀವ್ರ ತಲೆನೋವನ್ನು ಉಂಟುಮಾಡುತ್ತದೆ.

6. ನೆನಪಿಗಾಗಿ ಎಂದು ಕಾಡತೂಸನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಊರಿಂದೂರಿಗೆ ಒಯ್ಯಬಾರದು. ಹಿರಿಯರ ಚೀಲವನ್ನು ಪ್ರಯಾಣಕ್ಕೆ ಬಳಸುವ ಮುನ್ನ ಅದರ ಎಲ್ಲ ಜೇಬುಗಳನ್ನು ಪರೀಕ್ಷಿಸುವುದು ಒಳ್ಳೆಯದು. ಮರೆತುಹೋದ ಒಂದೇ ಕಾಡತೂಸು ವಿಮಾನ ನಿಲ್ದಾಣದಲ್ಲಿ ಪ್ರಕರಣಕ್ಕೆ ಕಾರಣವಾಗಬಹುದು.

7. ಪರವಾನಗಿ ಉಳ್ಳವರೂ ಗುರುತಿಲ್ಲದ ಮದ್ದನ್ನು ಬಳಸಬಾರದು, ಬೇರೆ ಮದ್ದಿಗೆ ಬೆರೆಸಬಾರದು, ಹೊಸ ಡಬ್ಬಿಗೆ ತುಂಬಿಡಬಾರದು.

ಪೊಲೀಸರಿಗೆ ತಿಳಿಸಿದರೆ ತಮ್ಮ ಮೇಲೆಯೇ ಅಪವಾದ ಬರಬಹುದೆಂಬ ಅಂಜಿಕೆಯಿಂದ ಕೆಲವರು ಇಂತಹ ವಸ್ತುಗಳನ್ನು ರಾತ್ರೋರಾತ್ರಿ ಎಲ್ಲಿಯಾದರೂ ಎಸೆದುಬಿಡುತ್ತಾರೆ. ಒಪ್ಪಿಸಲು ಕಾನೂನೇ ದಾರಿ ತೋರಿಸಿರುವಾಗ ಹೀಗೆ ಮಾಡುವುದರಿಂದ ಅಪಾಯ ತಪ್ಪುವುದಿಲ್ಲ. ಅದು ಚಿಂದಿ ಆಯುವ ಮಗುವಿನ ಕೈಗೋ ದನಗಾಹಿಯ ಕಾಲಿಗೋ ವರ್ಗವಾಗುತ್ತದೆ, ಅಷ್ಟೇ. ಹಿರಿಯರ ಹಳೆಯ ಪರವಾನಗಿ, ಸೈನ್ಯದ ಕಾಗದಪತ್ರ ಅಥವಾ ಮರಣ ಪ್ರಮಾಣಪತ್ರದ ಪ್ರತಿ ಇದ್ದಲ್ಲಿ ಜೊತೆಗೆ ಕೊಂಡೊಯ್ದು, ವಸ್ತು ಒಪ್ಪಿಸಿದ್ದಕ್ಕೆ ರಸೀದಿ ಪಡೆಯುವುದು ಉಚಿತ.

ಹಳೆಯ ಕಾಡತೂಸು ಇತಿಹಾಸದ ಒಂದು ತುಣುಕೆಂಬುದು ನಿಜ. ಅದರ ಬುಡದ ಅಕ್ಷರಗಳಲ್ಲಿ ಒಂದು ಕಾರ್ಖಾನೆಯ, ಒಂದು ಯುದ್ಧದ, ಒಬ್ಬ ಹಿರಿಯರ ಸೇವೆಯ ಕಥೆ ಅಡಗಿರಬಹುದು. ಆ ಕಥೆಯನ್ನು ಬರೆದಿಟ್ಟುಕೊಳ್ಳೋಣ, ಮಕ್ಕಳಿಗೆ ಹೇಳೋಣ. ಮದ್ದನ್ನು ಮಾತ್ರ ಅದನ್ನು ಬಲ್ಲವರ ಕೈಗೆ ಒಪ್ಪಿಸಿಬಿಡೋಣ.